ಆ ಓರೆಗೆರೆ ಅಳಿಸಿಬಿಡಿ: ಶಾಲೆಯ ವೇಳಾಪಟ್ಟಿ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ವೇಳಾಪಟ್ಟಿ ಬರೆಯುವವರು ನೀವು. ಎಲ್ಲಿ ಕೂತು ಬರೆಯುತ್ತೀರೋ ಗೊತ್ತಿಲ್ಲ. ಇಲಾಖೆಯಲ್ಲಿರಬಹುದು, ಆಡಳಿತ ಮಂಡಳಿಯಲ್ಲಿರಬಹುದು, ಹೆಡ್‌ಮಾಸ್ಟರ್ ಕೋಣೆಯಲ್ಲೇ ಇರಬಹುದು. ನೀವು ಬರೆದ ಹಾಳೆ ಕೊನೆಗೆ ನಮ್ಮ ತರಗತಿಯ ಗೋಡೆಗೆ ಬಂದು ಅಂಟುತ್ತದೆ. ಪ್ರತಿ ವರ್ಷ ಅದರಲ್ಲಿ ನಾನು ಮೊದಲು ಹುಡುಕುವುದು ಸಂಗೀತ ಎಲ್ಲಿದೆ ಅಂತ. ಹುಡುಕುವುದು ಕಷ್ಟವೇನಲ್ಲ. ವಾರದ ಕೊನೆಯ ದಿನ, ಕೊನೆಯ ಪಿರಿಯಡ್, ಒಂದೇ ಚೌಕದೊಳಗೆ 'ಸಂಗೀತ/ಚಿತ್ರಕಲೆ'. ಆ ನಡುವಿನ ಓರೆಗೆರೆಯ ಅರ್ಥ ಎಲ್ಲ ಟೀಚರ್‌ಗಳಿಗೂ ಗೊತ್ತು. ಗಣಿತ ಹಿಂದೆ ಬಿದ್ದಿದ್ದರೆ ಈ ಪಿರಿಯಡ್ ತಗೊಳ್ಳಿ ಅಂತ.

ನಾನು ಸಂಗೀತದ ಮೇಷ್ಟ್ರಲ್ಲ. ಎರಡನೇ ತರಗತಿಗೆ ಎಲ್ಲ ವಿಷಯ ಹೇಳಿಕೊಡುವ ಸಾಮಾನ್ಯ ಮೇಷ್ಟ್ರು. ರಾಗ ಗುರುತಿಸಲು ಬರುವುದಿಲ್ಲ. ಹಾರ್ಮೋನಿಯಂ ಮುಟ್ಟಿದರೆ ಬರೀ ಗಾಳಿ ಬರುತ್ತದೆ. ನಲವತ್ತು ದಾಟುವವರೆಗೆ ನಾಲ್ಕು ಜನರ ಎದುರು ನಾನು ಹಾಡಿದ್ದೇ ಇಲ್ಲ. ಅದಕ್ಕೆ ಕಾರಣ ಒಂದು ಮಾತು.

ಆಗ ನನಗೆ ಏಳು ವರ್ಷ. ವಾರ್ಷಿಕೋತ್ಸವಕ್ಕೆ ಗುಂಪು ಹಾಡು ಕಲಿಸುತ್ತಿದ್ದರು. ಟೀಚರ್ ಒಬ್ಬೊಬ್ಬರ ಹತ್ತಿರವೂ ಬಗ್ಗಿ, ಕಿವಿಗೊಟ್ಟು ಕೇಳುತ್ತಾ ಬಂದರು. ನನ್ನ ಹತ್ತಿರ ನಿಂತರು. ಇನ್ನೊಂದು ಸಲ ಹಾಡಿಸಿದರು. ಆಮೇಲೆ ಮೆತ್ತಗೆ, ಪ್ರೀತಿಯಿಂದಲೇ ಅಂದರು: 'ನೀನು ಸುಮ್ನೆ ಬಾಯಿ ಆಡಿಸು ಪುಟ್ಟ, ದನಿ ಬೇಡ.' ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆ ದಿನ ಹೊಸ ಬಟ್ಟೆ ಹಾಕಿಕೊಂಡು, ಎರಡನೇ ಸಾಲಿನಲ್ಲಿ ನಿಂತು, ಮೂರೂ ಚರಣಕ್ಕೆ ಬಾಯಿ ಆಡಿಸಿದೆ. ಚೆನ್ನಾಗಿ ಹಾಡಿದೆ ಅಂತ ಮನೆಯವರು ಹೊಗಳಿದರು. ಅದು ಇನ್ನೂ ಕಷ್ಟವಾಯಿತು. ಮುಂದೆ ನನ್ನ ಮಗಳು ಹುಟ್ಟಿ, ಮಲಗುವಾಗ ಹಾಡು ಹೇಳು ಅಂದಾಗಲೆಲ್ಲ ಕಥೆ ಹೇಳಿ ತಪ್ಪಿಸಿಕೊಂಡೆ.

ಇದು ನನ್ನೊಬ್ಬನ ಕಥೆ ಅಂದುಕೊಳ್ಳಬೇಡಿ. ನಿಮಗೆ ಗೊತ್ತಿರುವ ಹತ್ತು ಜನ ದೊಡ್ಡವರನ್ನು 'ಒಂದು ಹಾಡು ಹೇಳಿ' ಅಂತ ಕೇಳಿ ನೋಡಿ. 'ಅಯ್ಯೋ, ನನಗೆ ದನಿ ಇಲ್ಲ' ಅನ್ನುವವರನ್ನು ಸ್ವಲ್ಪ ಕೆದಕಿ. ಹಲವರ ನೆನಪಿನಲ್ಲಿ ಯಾವುದೋ ಒಂದು ಶಾಲೆ, ಯಾವುದೋ ಒಂದು ಮಾತು ಸಿಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಕೇಳುತ್ತಿರುವುದು ಇಷ್ಟೇ. ವಾರಕ್ಕೊಂದು ಪಿರಿಯಡ್ ಬೇಡ. ದಿನಕ್ಕೆ ಹತ್ತು ನಿಮಿಷ ಕೊಡಿ. ಎಲ್ಲ ಮಕ್ಕಳಿಗೂ ಕೊಡಿ. ಹಾಡಿಸುವವರು ತರಗತಿಯ ಟೀಚರೇ ಆಗಿರಲಿ.

ಹಾಡಲು ಬರದ ಮೇಷ್ಟ್ರು ಹೇಗೆ ಹಾಡಿಸುತ್ತಾನೆ ಅಂತ ನೀವು ಕೇಳಬಹುದು. ನಾನೂ ಅದನ್ನೇ ಕೇಳಿಕೊಂಡಿದ್ದೆ. ಒಂದು ವರ್ಷ ಬೇರೆ ದಾರಿಯಿಲ್ಲದೆ ಪಠ್ಯದ ಪದ್ಯವೊಂದನ್ನು ಮಕ್ಕಳ ಎದುರು ಹಾಡಿದೆ. ಮಕ್ಕಳು ಹಿಂಬಾಲಿಸಿದರು. ಕೆಲವರು ಗೊಗ್ಗರು ದನಿಯಲ್ಲಿ ಗುನುಗಿದರು, ಕೆಲವರು ಕಿರುಚಿದರು, ಒಟ್ಟಿಗೆ ಸೇರಲೇ ಇಲ್ಲ. ನನ್ನ ದನಿಯೇ ಸರಿಯಿಲ್ಲ ಅಂದುಕೊಂಡೆ. ಆಮೇಲೆ ಓದಿ, ಗೊತ್ತಿದ್ದವರನ್ನು ಕೇಳಿ ತಿಳಿದುಕೊಂಡೆ. ತೊಂದರೆ ಬೇರೆಯೇ ಇತ್ತು. ಗಂಡಸಿನ ದನಿ ಮಕ್ಕಳ ದನಿಗಿಂತ ಸುಮಾರು ಒಂದು ಸ್ಥಾಯಿ, ಅಂದರೆ ಕೆಳಗಿನ 'ಸ'ದಿಂದ ಮೇಲಿನ 'ಸ'ದವರೆಗಿನಷ್ಟು, ಕೆಳಗಿರುತ್ತದೆ. ಅಭ್ಯಾಸ ಇರುವ ಮಗು ಅದನ್ನು ತನ್ನ ಸ್ಥಾಯಿಗೆ ಏರಿಸಿಕೊಂಡು ಹಾಡುತ್ತದೆ. ಅಭ್ಯಾಸ ಇಲ್ಲದ ಮಗು ಮೇಷ್ಟ್ರು ಹಾಡಿದ ಹಾಗೆಯೇ ಹಾಡಲು ಹೋಗಿ ಗಂಟಲಿನ ತಳಕ್ಕೆ ಇಳಿಯುತ್ತದೆ. ಅಲ್ಲಿ ಅದಕ್ಕೆ ದನಿಯೇ ಇಲ್ಲ. ಹಾಗಾಗಿ ಗುನುಗು.

ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಯಾವ ಹಾಡನ್ನಾದರೂ ಒಂದೇ ಸ್ವರದಲ್ಲಿ, ಮಾತಾಡಿದ ಹಾಗೆ ಹೇಳುತ್ತಿದ್ದ. ನನ್ನ ಏಳನೇ ವರ್ಷದ ಪ್ರತಿಯೇ ಅನ್ನಿ. ಅವನಿಗೆ ಹಾಡು ಕಲಿಸುವುದನ್ನು ಬಿಟ್ಟು ಆಟ ಶುರು ಮಾಡಿದೆವು. ಆಂಬುಲೆನ್ಸ್ ಹೇಗೆ ಕೂಗುತ್ತದೆ? ಕೆಳಗಿನಿಂದ ಮೇಲಕ್ಕೆ, ಮತ್ತೆ ಕೆಳಕ್ಕೆ, ಎಲ್ಲರೂ ಸೇರಿ ಕೈಯನ್ನೂ ಏರಿಸಿ ಇಳಿಸಿ. ಗಾಳಿಪಟ ಮೇಲೇರಿದರೆ ದನಿ ಹೇಗೆ? ಚೆಂಡು ಮೇಲಕ್ಕೆ ಹೋಗಿ ಬಿದ್ದರೆ ಹೇಗೆ? ಕೆಲವು ವಾರಗಳಾದ ಮೇಲೆ ಒಂದು ಬೆಳಗ್ಗೆ ಅವನ ದನಿ ಫಕ್ಕನೆ ಮೇಲೆ ಹತ್ತಿತು. ಅವನೇ ಬೆಚ್ಚಿಬಿದ್ದು ನಕ್ಕ. ಅದು ತನ್ನದೇ ದನಿ ಅಂತ ಅವನಿಗೆ ನಂಬಿಕೆ ಬರಲಿಲ್ಲ. ಅಲ್ಲಿಂದ ಮುಂದಕ್ಕೆ ನಾನು ಅವನ ಸ್ವರಕ್ಕೆ ಹೋಗುತ್ತಿದ್ದೆ, ಅವನನ್ನು ನನ್ನ ಸ್ವರಕ್ಕೆ ಎಳೆಯುತ್ತಿರಲಿಲ್ಲ. ಅವನು ಹಾಡಿದ ಸ್ವರ ನಾನು ಹಿಡಿಯುವುದು, ಆಮೇಲೆ ಇಬ್ಬರೂ ಸೇರಿ ಒಂದು ಮೆಟ್ಟಿಲು ಹತ್ತುವುದು. ವರ್ಷದ ಕೊನೆಗೆ ಅವನು ಗುಂಪಿನೊಳಗೆ ಕಳೆದುಹೋದ. ಅಂದರೆ ಯಾರು ಅಪಸ್ವರ ಅಂತ ಹುಡುಕಿದರೂ ಸಿಗಲಿಲ್ಲ.

ಹುಟ್ಟಿನಿಂದಲೇ ಸ್ವರದ ಏರಿಳಿತ ಗುರುತಿಸಲಾಗದವರು ಇದ್ದಾರೆ, ನಿಜ. ಆದರೆ ಸಂಶೋಧಕರ ಈಚಿನ ಅಂದಾಜಿನಂತೆ ಅವರು ನೂರಕ್ಕೆ ಒಬ್ಬರೋ ಇಬ್ಬರೋ. ಉಳಿದವರಿಗೆ ಕಿವಿ ಸರಿಯಾಗಿಯೇ ಇರುತ್ತದೆ. ಗಂಟಲನ್ನು ಆ ಕಿವಿಗೆ ಜೋಡಿಸುವುದು ಅಭ್ಯಾಸದ ಮಾತು. ಎಡವಿ ಬಿದ್ದ ಮಗುವಿಗೆ 'ನಿನಗೆ ನಡೆಯಲು ಬರಲ್ಲ, ಕೂತಿರು' ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಓದುವಾಗ ತಡವರಿಸಿದರೆ ಇನ್ನೊಂದು ಸಲ ಓದಿಸುತ್ತೇವೆ. ಹಾಡಿನಲ್ಲಿ ಮಾತ್ರ ಮೊದಲ ಸಲಕ್ಕೇ ತೀರ್ಪು.

ಇದನ್ನು ನನಗಿಂತ ಚೆನ್ನಾಗಿ ತಿಳಿದವರು ಹಂಗೇರಿಯ ಸಂಗೀತಗಾರ ಜೋಲ್ಟಾನ್ ಕೊಡಾಯ್ (1882–1967). ದೊಡ್ಡ ಸಂಯೋಜಕ. ಹಳ್ಳಿಹಳ್ಳಿ ತಿರುಗಿ ಜನಪದ ಹಾಡು ಸಂಗ್ರಹಿಸಿದವರು. ಅಂಥವರು ತಮ್ಮ ಅರ್ಧ ಬದುಕನ್ನು ಪ್ರಾಥಮಿಕ ಶಾಲೆಯ ಮಕ್ಕಳ ಹಾಡಿಗೆ ಕೊಟ್ಟರು. 1950ರಲ್ಲಿ ಅವರು ಹುಟ್ಟಿದ ಕೆಚ್ಕೆಮೇಟ್ ಊರಿನಲ್ಲಿ, ಅವರ ಆಲೋಚನೆಯಂತೆ ಮೊದಲ ಹಾಡುವ ಶಾಲೆ ಶುರುವಾಯಿತು. ಅಲ್ಲಿ ಉಳಿದ ಪಾಠಗಳ ಜೊತೆ ದಿನವೂ ಹಾಡು. ವಾದ್ಯ ಆಮೇಲೆ, ಮೊದಲು ಗಂಟಲು. ಅದಕ್ಕೆ ದುಡ್ಡು ಬೇಡ, ಎಲ್ಲರ ಹತ್ತಿರವೂ ಇದೆ. ಮೊದಲು ಮಗುವಿನ ಮನೆಮಾತಿನ ಹಾಡುಗಳು, ಆಮೇಲೆ ಲೋಕದ ಹಾಡುಗಳು. ಮೊದಲ ದಿನದ ಪಾಠ ಎರಡೇ ಸ್ವರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಪಂಚಮ ಮತ್ತು ಗಾಂಧಾರ. ಪ-ಗ, ಪ-ಗ. ಮಕ್ಕಳು ದೂರದಿಂದ ಗೆಳೆಯನನ್ನು ಕೂಗಿ ಕರೆಯುವಾಗ ಗಮನಿಸಿ. ಎಷ್ಟೋ ಸಲ ಇದೇ ಇಳಿತ ಕೇಳುತ್ತದೆ. ಮಗುವಿಗೆ ಆಗಲೇ ಬರುವುದರಿಂದ ಪಾಠ ಶುರು. 2016ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ಜನಪದ ಸಂಗೀತ ಉಳಿಸುವ ಒಳ್ಳೆಯ ಮಾದರಿ ಅಂತ ತನ್ನ ಪಟ್ಟಿಗೆ ಸೇರಿಸಿಕೊಂಡಿತು.

ಕೊಡಾಯ್ ಪದ್ಧತಿಯಲ್ಲಿ ಪ್ರತಿ ಸ್ವರಕ್ಕೂ ಒಂದು ಕೈಸನ್ನೆ ಇದೆ. ಅದನ್ನು ಅವರು 19ನೇ ಶತಮಾನದ ಇಂಗ್ಲೆಂಡಿನ ಜಾನ್ ಕರ್ವೆನ್ ಅವರಿಂದ ತೆಗೆದುಕೊಂಡರು. ಈ ಕರ್ವೆನ್ ಸಂಗೀತಗಾರರೇ ಅಲ್ಲ, ಚರ್ಚಿನ ಪಾದ್ರಿ. ನಾರಿಚ್‌ನ ಸಾರಾ ಗ್ಲವರ್ ಎಂಬ ಟೀಚರ್ ಮಕ್ಕಳಿಗೆ ಕಲಿಸುತ್ತಿದ್ದ ಸರಳ ಪದ್ಧತಿಯನ್ನು ನೋಡಿ, ಅದರಿಂದಲೇ ತಾವು ಸ್ವರ ಓದಲು ಕಲಿತು, ಆಮೇಲೆ ಅದನ್ನು ತಿದ್ದಿ ಬೆಳೆಸಿದವರು. ನನ್ನಂಥ ಮೇಷ್ಟ್ರಿಗೆ ಇದು ಎಷ್ಟು ಧೈರ್ಯ ಕೊಡುತ್ತದೆ ನೋಡಿ. ಗೊತ್ತಿಲ್ಲದವನು ಗೊತ್ತಿಲ್ಲದವರಿಗಾಗಿ ಮಾಡಿದ ದಾರಿ ಅದು.

ಇಲ್ಲಿ ಒಂದು ಮಾತು. ಕರ್ನಾಟಕ ಸಂಗೀತದ ಮೊದಲ ಸ್ವರಪಾಠವಾದ ಸರಳೆ ವರಸೆಯಿಂದ ಶುರು ಮಾಡಿದರೆ ಆಗುವುದಿಲ್ಲವೇ ಅಂತ ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದ್ದರು. ಆ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅನ್ನುತ್ತದೆ ಪರಂಪರೆ. ಅದರ ಹಿಂದಿನ ಜಾಣತನ ದೊಡ್ಡದು. ಆ ಪಾಠದ ರಾಗ ಮಾಯಾಮಾಳವಗೌಳ. ಅದರಲ್ಲಿ ಸ-ರಿ-ಗ-ಮ ನಡುವಿನ ಅಂತರಗಳೇ ಪ-ದ-ನಿ-ಸ ನಡುವೆಯೂ ಇವೆ. ಅರ್ಧ ಕಲಿತರೆ ಇನ್ನರ್ಧ ತಾನಾಗಿ ಬರುತ್ತದೆ. ಆದರೆ ಅದು ಕಲಿಯಲೇಬೇಕು ಅಂತ ಗುರುವಿನ ಎದುರು ಬಂದು ಕೂತ ಶಿಷ್ಯನ ದಾರಿ. ನನ್ನ ಎದುರು ಕೂತಿರುವ ನಲವತ್ತು ಜನ ಹಾಗೆ ಬಂದವರಲ್ಲ. ಅವರಿಗೆ ಮೊದಲು ಹಾಡು ಬೇಕು. ಹಾಡು ನಾಲಿಗೆಯ ಮೇಲೆ ಕೂತ ಮೇಲೆ, ಇಗೋ ಇದಕ್ಕೆ ಗ ಅಂತಾರೆ, ಇದಕ್ಕೆ ಪ ಅಂತಾರೆ ಅಂತ ಹೆಸರು ಕೊಟ್ಟರೆ ಸಾಕು. ಮಾತು ಬಂದ ಮೇಲೆ ತಾನೇ ಅಕ್ಷರ ಕಲಿಸುವುದು?

ಇನ್ನು ನೀವು ಕೇಳುವ ದೊಡ್ಡ ಪ್ರಶ್ನೆ. ಇದರಿಂದ ಏನು ಉಪಯೋಗ? ಗಣಿತದಲ್ಲಿ ಅಂಕ ಜಾಸ್ತಿ ಬರುತ್ತದೆಯೇ?

ಈ ಪ್ರಶ್ನೆಗೆ ಹೌದು ಅಂದುಬಿಟ್ಟರೆ ನನ್ನ ಕೆಲಸ ಸುಲಭ. ಸಂಗೀತ ಕಲಿತರೆ ಬುದ್ಧಿ ಚುರುಕು ಅಂತ ಹೇಳಿ ಪಿರಿಯಡ್ ಗಿಟ್ಟಿಸಿದವರು ಬಹಳ ಜನ. ಆದರೆ ಅದು ಪೂರ್ತಿ ನಿಜವಲ್ಲ. 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು. 36 ಕಾಲೇಜು ವಿದ್ಯಾರ್ಥಿಗಳು 10 ನಿಮಿಷ ಮೊಜಾರ್ಟ್ ಸಂಗೀತ ಕೇಳಿದ ಮೇಲೆ ಒಂದು ಬಗೆಯ ಆಕಾರದ ಲೆಕ್ಕಗಳನ್ನು ಸ್ವಲ್ಪ ಚೆನ್ನಾಗಿ ಬಿಡಿಸಿದರು. ಆ ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಅಲ್ಲಿ ಮಕ್ಕಳೇ ಇರಲಿಲ್ಲ. ಹಾಡಲೂ ಇಲ್ಲ, ಬರೀ ಕೇಳಿದ್ದು. ಅದನ್ನೇ ಎಳೆದೆಳೆದು, 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟುವ ಪ್ರತಿ ಕೂಸಿಗೂ ಸಂಗೀತದ ಸಿಡಿ ಕೊಡಲು ಬಜೆಟ್‌ನಲ್ಲಿ ದುಡ್ಡು ಕೇಳಿದರು!

ಸರಿಯಾದ ಪ್ರಯೋಗಗಳೂ ಆಗಿವೆ. 2004ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ಗ್ಲೆನ್ ಶೆಲ್ಲೆನ್‌ಬರ್ಗ್ 144 ಮಕ್ಕಳನ್ನು ಗುಂಪು ಮಾಡಿ, ಕೆಲವರಿಗೆ ಸಂಗೀತ, ಕೆಲವರಿಗೆ ನಾಟಕ ಕಲಿಸಿ, ಕೆಲವರಿಗೆ ಏನನ್ನೂ ಕಲಿಸದೆ ಹೋಲಿಸಿ ನೋಡಿದರು. ಸಂಗೀತದವರ ಐಕ್ಯೂ ಉಳಿದವರಿಗಿಂತ ತುಸು ಜಾಸ್ತಿ ಏರಿತು. ಅದು ಬಹಳ ಸಣ್ಣ ಏರಿಕೆ. ಜೊತೆಯವರೊಡನೆ ಹೊಂದಿಕೊಳ್ಳುವ ವಿಷಯದಲ್ಲಿ ಮುಂದೆ ಹೋದವರು ನಾಟಕದವರು. 2020ರಲ್ಲಿ ಸಾಲಾ ಮತ್ತು ಗೋಬೆ ಎಂಬಿಬ್ಬರು ಇಂಥ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದರು. ಅಚ್ಚುಕಟ್ಟಾಗಿ ನಡೆಸಿದ ಪ್ರಯೋಗಗಳನ್ನಷ್ಟೇ ನೋಡಿದರೆ, ಬುದ್ಧಿಗೂ ಅಂಕಕ್ಕೂ ಲಾಭ ಹೆಚ್ಚುಕಮ್ಮಿ ಸೊನ್ನೆ ಅಂದರು.

ಆದ್ದರಿಂದ ದಯವಿಟ್ಟು ಗಣಿತಕ್ಕಾಗಿ ಸಂಗೀತ ಇಡಬೇಡಿ. ನಾಳೆ ಯಾರಾದರೂ ಬಂದು ಚದುರಂಗದಿಂದ ಜಾಸ್ತಿ ಅಂಕ ಬರುತ್ತದೆ ಅಂದರೆ ನೀವು ಸಂಗೀತ ತೆಗೆದು ಚದುರಂಗ ಹಾಕುತ್ತೀರಿ. ಗಣಿತದಿಂದ ಹಾಡು ಚೆನ್ನಾಗಿ ಬರುತ್ತದೆಯೇ ಅಂತ ಯಾರಾದರೂ ಕೇಳಿದ್ದಾರೆಯೇ? ಇಲ್ಲ. ಗಣಿತ ಗಣಿತಕ್ಕಾಗಿಯೇ ಇದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಕಲೆಯಲ್ಲಿ ಮನಸಾರೆ ಪಾಲ್ಗೊಳ್ಳುವುದು ಮಗುವಿನ ಹಕ್ಕು ಅನ್ನುತ್ತದೆ. ಅಂಕ ಬಂದರೆ ಮಾತ್ರ ಅಂತ ಅಲ್ಲಿ ಬರೆದಿಲ್ಲ.

ಹಾಗಾದರೆ ನಾನು ಕಂಡದ್ದೇನು? ಮಳೆ ಬಂದು ಆಟದ ಬಯಲಿಗೆ ಹೋಗಲಾಗದ ದಿನ, ಇಬ್ಬರ ಜಗಳ ಅರ್ಧಕ್ಕೆ ನಿಂತಿರುವಾಗ, ಎಲ್ಲರೂ ಸೇರಿ ಒಂದು ಹಾಡು ಹಾಡಿದರೆ ಕೋಣೆಯ ಗಾಳಿಯೇ ಬೇರೆಯಾಗುತ್ತದೆ. ಉಸಿರು ಒಟ್ಟಿಗೆ ತೆಗೆದುಕೊಳ್ಳಬೇಕು, ಒಟ್ಟಿಗೆ ಬಿಡಬೇಕು. ಒಬ್ಬನು ಓಡಿದರೆ ಹಾಡು ಮುರಿಯುತ್ತದೆ. ಜೋರಾಗಿ ಕಿರುಚುವವನು ಪಕ್ಕದವನ ದನಿ ಕೇಳಿಸುವಷ್ಟು ತಗ್ಗಬೇಕು. ಇಲ್ಲಿ ಮೊದಲು ಮುಗಿಸಿದವನು ಗೆದ್ದ ಹಾಗಲ್ಲ. ಶಾಲೆಯಲ್ಲಿ ಇನ್ನೆಲ್ಲಿ ಇದು ಸಿಗುತ್ತದೆ ಹೇಳಿ? 2010ರಲ್ಲಿ ಕಿರ್ಷ್ನರ್ ಮತ್ತು ಟೊಮಾಸೆಲ್ಲೋ ಎಂಬ ಸಂಶೋಧಕರು ನಾಲ್ಕು ವರ್ಷದ 96 ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಜೊತೆಯಾಗಿ ಹಾಡಿ ಬಡಿದು ಆಡಿದ ಮಕ್ಕಳು, ಅದೇ ಆಟವನ್ನು ಹಾಡಿಲ್ಲದೆ ಆಡಿದವರಿಗಿಂತ, ಆಮೇಲೆ ಒಬ್ಬರಿಗೊಬ್ಬರು ಜಾಸ್ತಿ ನೆರವಾದರು. ಇದನ್ನೂ ನಾನು ಪುರಾವೆಯಾಗಿ ಎತ್ತಿ ಹಿಡಿಯುವುದಿಲ್ಲ. ಒಂದೇ ಪ್ರಯೋಗ. ಆದರೆ ಓದಿದಾಗ, ಹೌದು, ನಾನೂ ಇದನ್ನು ಕಂಡಿದ್ದೇನೆ ಅನಿಸಿತು.

ಹತ್ತು ನಿಮಿಷದಲ್ಲಿ ಏನು ಮಾಡುತ್ತೇವೆ ಅಂತಲೂ ಹೇಳಿಬಿಡುತ್ತೇನೆ. ಹಾಜರಿಯನ್ನೇ ಹಾಡಿ ಕರೆಯುತ್ತೇನೆ. ಪ-ಗ ಎರಡೇ ಸ್ವರದಲ್ಲಿ ಹೆಸರು, ಅದೇ ಸ್ವರದಲ್ಲಿ ಮಗುವಿನ ಉತ್ತರ. ಹಾಜರಿ ಹೇಗೂ ತೆಗೆದುಕೊಳ್ಳಲೇಬೇಕು, ಅದಕ್ಕೆ ನಿಮ್ಮ ಒಂದು ನಿಮಿಷವೂ ಖರ್ಚಾಗುವುದಿಲ್ಲ. ಜೊತೆಗೆ ಪ್ರತಿ ಮಗುವೂ ದಿನಕ್ಕೊಮ್ಮೆ ಒಂಟಿಯಾಗಿ ಹಾಡಿರುತ್ತದೆ, ಅದು ಹಾಡು ಅಂತ ಹೆದರುವಷ್ಟು ಹೊತ್ತೂ ಸಿಗದ ಹಾಗೆ. ಆಮೇಲೆ ಚಪ್ಪಾಳೆ. ನಾನು ತಟ್ಟಿದ್ದನ್ನು ಅವರು ತಟ್ಟುವುದು. ಆಮೇಲೆ ಗೊತ್ತಿರುವ ಒಂದು ಹಾಡು, ಅದರಲ್ಲೊಂದು ಆಟ. ನಾನು ಕೈ ಮುಷ್ಟಿ ಮಾಡಿದರೆ ದನಿ ನಿಲ್ಲಬೇಕು, ಹಾಡು ಮನಸ್ಸಿನೊಳಗೆ ಓಡುತ್ತಿರಬೇಕು. ಕೈ ಬಿಚ್ಚಿದ ಕೂಡಲೇ ಎಲ್ಲಿಗೆ ಬಂದಿದ್ದೇವೋ ಅಲ್ಲಿಂದ ಎಲ್ಲರೂ ಒಟ್ಟಿಗೆ ಎತ್ತಿಕೊಳ್ಳಬೇಕು. ನಲವತ್ತು ಮಕ್ಕಳು ತುಟಿ ಮುಚ್ಚಿ ಒಳಗೊಳಗೇ ಹಾಡುವ ಆ ಮೌನವನ್ನು ನೀವೊಮ್ಮೆ ಕೇಳಬೇಕು. ಬಾಯಿ ಆಡಿಸು, ದನಿ ಬೇಡ ಅಂದಿದ್ದರಲ್ಲ ನನಗೆ, ಇದು ಅದರ ತದ್ವಿರುದ್ಧ.

ಕಿವಿ ಕೇಳದ ಮಗು ಇದ್ದರೆ? ಒಂದು ವರ್ಷ ನನ್ನ ತರಗತಿಯಲ್ಲಿ ಒಬ್ಬಳಿದ್ದಳು. ಅವಳನ್ನು ಪಕ್ಕಕ್ಕೆ ಕೂರಿಸುವ ಯೋಚನೆ ನನಗೂ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆಗ ಸ್ಕಾಟ್ಲೆಂಡಿನ ಎವಲಿನ್ ಗ್ಲೆನಿ ಬಗ್ಗೆ ಓದಿದೆ. 12ನೇ ವಯಸ್ಸಿನ ಹೊತ್ತಿಗೆ ಅವರ ಕಿವಿ ಬಹುಪಾಲು ಕೇಳದಾಗಿತ್ತು. ಈಗ ಅವರು ಲೋಕವೇ ಬಲ್ಲ ತಾಳವಾದ್ಯಗಾರ್ತಿ. ಬರಿಗಾಲಲ್ಲಿ ನಿಂತು ನುಡಿಸುತ್ತಾರೆ, ಕಂಪನ ಮೈಗೆ ತಿಳಿಯಲಿ ಅಂತ. ನಮ್ಮ ಹುಡುಗಿ ಮರದ ಬೆಂಚಿಗೆ ಅಂಗೈ ಒತ್ತಿಕೊಂಡಳು. ಉಳಿದವರು ಅದೇ ಬೆಂಚಿನ ಮೇಲೆ ತಾಳ ಬಡಿದರು. ತಾಳ ತಪ್ಪದೆ ಹಿಡಿಯುವುದರಲ್ಲಿ ಅವಳು ನನಗಿಂತ ಮುಂದಾದಳು.

ಈಗ ಬೇಡದವುಗಳ ಪಟ್ಟಿ. ಅದೂ ಮುಖ್ಯ. ಸ್ಪರ್ಧೆ ಬೇಡ, ಕನಿಷ್ಠ ಮೊದಲ ನಾಲ್ಕು ತರಗತಿಗಳಲ್ಲಿ. ಅಂಕ ಬೇಡ. ಅಂಕ ಬಂದ ದಿನ ಹಾಡು ಪ್ರಶ್ನೋತ್ತರವಾಗುತ್ತದೆ, ತಾಳ ಎಂದರೇನು, ಎರಡು ವಾಕ್ಯದಲ್ಲಿ ಬರೆಯಿರಿ ಅಂತ. ಸ್ಕ್ರೀನಿನಲ್ಲಿ ಹಾಡು ಹಾಕಿ ಮಕ್ಕಳನ್ನು ಅದರ ಹಿಂದೆ ಓಡಿಸುವುದೂ ಬೇಡ. ದೊಡ್ಡವರ ಶ್ರುತಿಯಲ್ಲಿ ರೆಕಾರ್ಡ್ ಮಾಡಿದ ಹಾಡು ಮಕ್ಕಳಿಗೆ ತೀರಾ ಕೆಳಗೋ ತೀರಾ ಮೇಲೋ ಇರುತ್ತದೆ. ಅದು ಮಗು ಉಸಿರು ತೆಗೆದುಕೊಳ್ಳುವವರೆಗೆ ಕಾಯುವುದಿಲ್ಲ. ಅಪಸ್ವರದ ಟೀಚರ್ ಕಾಯುತ್ತಾರೆ.

ದುಬಾರಿ ವಾದ್ಯ ಕೊಳ್ಳುವುದೂ ಸದ್ಯಕ್ಕೆ ಬೇಡ. ಅವು ಬೀರು ಸೇರುತ್ತವೆ, ಬೀರುವಿನ ಕೀಲಿ ಹೆಡ್‌ಮಾಸ್ಟರ್ ಹತ್ತಿರ ಇರುತ್ತದೆ. ಕೊಳ್ಳಲೇಬೇಕು ಅಂದರೆ ಜರ್ಮನಿಯ ಕಾರ್ಲ್ ಆರ್ಫ್ ಮತ್ತು ಗುನಿಲ್ಡ್ ಕೀಟ್‌ಮನ್ ಮಕ್ಕಳಿಗಾಗಿ ಬಳಕೆಗೆ ತಂದ, ಸಾಲಾಗಿ ಜೋಡಿಸಿದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯಗಳನ್ನು ನೋಡಿ. ಅದರ ಮರದ ಪಟ್ಟಿಗಳನ್ನು ಬಿಚ್ಚಿ ತೆಗೆಯಬಹುದು. ಹಾಡಿಗೆ ಬೇಡದ ಸ್ವರಗಳ ಪಟ್ಟಿ ತೆಗೆದಿಟ್ಟರೆ, ಉಳಿದವುಗಳಲ್ಲಿ ಮಗು ಎಲ್ಲಿ ಬಡಿದರೂ ಅದು ಹಾಡಿಗೆ ಹೊಂದುತ್ತದೆ. ತಪ್ಪು ಮಾಡಲು ಜಾಗವೇ ಇಲ್ಲದ ವಾದ್ಯ. ಯೋಚಿಸಿದವರಿಗೆ ಮಕ್ಕಳು ಗೊತ್ತಿದ್ದರು.

ನಿಮ್ಮಿಂದ ಬೇಕಾದ ಇನ್ನೊಂದು ವಿಷಯ ಟೀಚರ್ ತರಬೇತಿ. ನಮಗೆ ಸಂಗೀತ ಶಾಸ್ತ್ರ ಬೇಡ. ಮಕ್ಕಳ ದನಿ ಎಲ್ಲಿಂದ ಎಲ್ಲಿಯವರೆಗೆ ಹೋಗುತ್ತದೆ, ಶ್ರುತಿ ಎಲ್ಲಿ ಹಿಡಿಯಬೇಕು, ಹಾಡನ್ನು ಸಾಲುಸಾಲಾಗಿ ಹೇಗೆ ಹೇಳಿಕೊಡಬೇಕು, ಗುನುಗುವ ಮಗುವಿಗೆ ಏನು ಮಾಡಬೇಕು, ಇಷ್ಟು ಸಾಕು. ಜೊತೆಗೆ ಟೀಚರ್‌ಗಳನ್ನೂ ಹಾಡಿಸಿ. ಅವರಲ್ಲೂ ಬಾಯಿ ಆಡಿಸಿ ಬಂದವರು ಇದ್ದಾರೆ. ಒಂದು ತಾಲೂಕಿಗೋ ಒಂದು ಗುಂಪು ಶಾಲೆಗಳಿಗೋ ಒಬ್ಬರು ನಿಜವಾದ ಸಂಗೀತ ಟೀಚರ್ ಇದ್ದು, ಆಗಾಗ ಬಂದು ನಮ್ಮನ್ನು ತಿದ್ದಿದರೆ ಇನ್ನೂ ಒಳ್ಳೆಯದು.

ದುಡ್ಡಿಲ್ಲ ಅನ್ನುತ್ತೀರಿ. ಅಮೆರಿಕದ ಬಾಸ್ಟನ್ ನಗರದಲ್ಲೂ ಹಾಗೇ ಅಂದಿದ್ದರು. 1837ರಲ್ಲಿ ಅಲ್ಲಿನ ಶಾಲಾ ಸಮಿತಿ ಸಂಗೀತ ಕಲಿಸಲು ಒಪ್ಪಿತು, ದುಡ್ಡು ಮಾತ್ರ ಬರಲಿಲ್ಲ. ಲೋವೆಲ್ ಮೇಸನ್ ಎಂಬ ಸಂಗೀತಗಾರರು ಹಾಸ್ ಎಂಬ ಶಾಲೆಯಲ್ಲಿ ಒಂದು ವರ್ಷ ಬಿಟ್ಟಿಯಾಗಿ ಕಲಿಸಿದರು. 1838ರಲ್ಲಿ ಆ ಮಕ್ಕಳ ಹಾಡು ಕೇಳಿದ ಮೇಲೆ ಸಮಿತಿ ಸಂಗೀತವನ್ನು ಶಾಲೆಯ ಪಾಠವಾಗಿಯೇ ಸೇರಿಸಿತು. ಕೊನೆಗೆ ಸಮಿತಿಯ ಮನಸ್ಸು ಒಲಿಸಿದ್ದು ಬರೀ ವಾದವಲ್ಲ, ಮಕ್ಕಳ ಹಾಡು. ಅದಕ್ಕೇ ನಾನೂ ವಾದ ಇಲ್ಲಿಗೆ ನಿಲ್ಲಿಸುತ್ತೇನೆ.

ಮುಂದಿನ ವರ್ಷದ ಹಾಳೆ ಅಚ್ಚಿಗೆ ಹೋಗುವ ಮೊದಲು ಒಂದು ಬೆಳಗ್ಗೆ ನಮ್ಮ ತರಗತಿಗೆ ಬನ್ನಿ. ಮೊದಲೇ ತಿಳಿಸುವುದು ಬೇಡ, ನಾವು ಏನೂ ತಯಾರಿ ಮಾಡಿಕೊಳ್ಳುವುದಿಲ್ಲ. ಹಾಜರಿ ಹೊತ್ತಿಗೆ ಬಂದರೆ ಸಾಕು. ಹಿಂದಿನ ಬೆಂಚಿನಲ್ಲಿ ಜಾಗ ಇದೆ. ಎಲ್ಲ ಮಕ್ಕಳ ಹೆಸರು ಮುಗಿದ ಮೇಲೆ ನಿಮ್ಮ ಹೆಸರನ್ನೂ ಕರೆಯುತ್ತೇವೆ, ಎರಡೇ ಸ್ವರದಲ್ಲಿ. ನೀವೂ ಹಾಡಿಯೇ ಉತ್ತರ ಕೊಡಬೇಕು. ಆ ಕೋಣೆಯಲ್ಲಿ ಕೂತವರಿಗೆಲ್ಲ ಒಂದೇ ನಿಯಮ, ಮಕ್ಕಳು ಬಿಡುವುದಿಲ್ಲ.

ಇಂತಿ,
ಎರಡನೇ ತರಗತಿಯ ಒಬ್ಬ ಮೇಷ್ಟ್ರು